ಪೋರ್ಟ್‌ಲ್ಯಾಂಡಿನ ಎತ್ತರದ ಹುಡುಗರು

ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಹೆಚ್ಚಿನವರು ನನ್ನ ಹಾಗೆ ಕಂಪ್ಯೂಟರ್ ಚಿಪ್ಪಿನ ನಂಟಿನಿಂದ ಬಂದವರು. ಮಳೆಯನ್ನು ಸಹಿಸುವುದು ನಮ್ಮಲ್ಲಿ ಮಲೆನಾಡಿನ ಕಡೆಯವರಿಗೆ ಕಷ್ಟವಾಗಲಿಲ್ಲ. ಕ್ರಿಕೆಟ್ ಇಲ್ಲದ ಸಂಜೆಗಳನ್ನು ಕಳೆಯುವುದೇ ಕಷ್ಟವಾಯಿತು. ಆ ಜಾಗವನ್ನು ನಿಧಾನವಾಗಿ ತುಂಬಿದ್ದು ಬಾಸ್ಕೆಟ್‌ಬಾಲ್. ಈ ಊರಿಗೆ ಬಹುಕಾಲ ಇದ್ದದ್ದು ಒಂದೇ ಒಂದು ದೊಡ್ಡ ತಂಡ, 1970ರಲ್ಲಿ ಹುಟ್ಟಿದ ಟ್ರೇಲ್ ಬ್ಲೇಜರ್ಸ್. ಹಾಗಾಗಿ ಊರಿನ ಸುಖದುಃಖವೆಲ್ಲ ಅದರ ಮೇಲೆಯೇ.

ಇಲ್ಲಿನ ಹಳಬರೊಡನೆ ಈ ಆಟದ ಮಾತು ತೆಗೆದರೆ ಹತ್ತು ನಿಮಿಷದೊಳಗೆ ಮೂರು ಹೆಸರುಗಳು ಬಂದೇ ಬರುತ್ತವೆ: ಲಾರೂ ಮಾರ್ಟಿನ್, ಸ್ಯಾಮ್ ಬೋವಿ, ಗ್ರೆಗ್ ಓಡನ್. ಹೆಸರಿನ ಹಿಂದೆ ಒಂದು ನಿಟ್ಟುಸಿರು, ಅದರ ಹಿಂದೆ ‘ಬಸ್ಟ್’ ಎಂಬ ಪದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಠುಸ್ ಆದ ಪಟಾಕಿ. ಭಾರಿ ನಿರೀಕ್ಷೆಯಿಂದ ಆರಿಸಿ ತಂದ ಹುಡುಗರು ಆ ನಿರೀಕ್ಷೆಗೆ ತಕ್ಕಂತೆ ಆಡುತ್ತಾರೆಯೇ ಎಂಬ ಪ್ರಶ್ನೆಯನ್ನು ಅಮೆರಿಕದ ಎಲ್ಲ ಊರುಗಳೂ ಕೇಳಿಕೊಳ್ಳುತ್ತವೆ. ಪೋರ್ಟ್‌ಲ್ಯಾಂಡಿನಷ್ಟು ನೋವಿನಿಂದ ಕೇಳಿಕೊಂಡ ಊರು ಬಹುಶಃ ಇನ್ನೊಂದಿಲ್ಲ.

ಊರಿನಲ್ಲಿ ಕುಳಿತು ಓದುವವರಿಗಾಗಿ ‘ಡ್ರಾಫ್ಟ್’ ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅದು ನಮ್ಮ ಐಪಿಎಲ್ ಹರಾಜಿನಂತಲ್ಲ. ಹರಾಜಿನಲ್ಲಿ ಹಣವಿದ್ದವರು ಕೂಗಿ ಕೊಳ್ಳುತ್ತಾರೆ. ಡ್ರಾಫ್ಟಿನಲ್ಲಿ ಕಾಲೇಜು ತಂಡಗಳಿಂದ, ಹೊರದೇಶಗಳಿಂದ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಕ್ಕೆ ಮುಂದಿನ ಸರದಿ. ಯಾವ ಊರಿಗೆ ಹೋಗಬೇಕು ಎಂಬುದು ಹುಡುಗನ ಕೈಯಲ್ಲಿಲ್ಲ. 1966ರಿಂದ 1984ರವರೆಗೆ ಎರಡು ವಿಭಾಗಗಳ ಕಟ್ಟಕಡೆಯ ತಂಡಗಳ ನಡುವೆ ನಾಣ್ಯ ಚಿಮ್ಮಿ ಮೊದಲ ಸರದಿ ಯಾರದೆಂದು ತೀರ್ಮಾನಿಸುತ್ತಿದ್ದರು. ಒಳ್ಳೆಯ ಹುಡುಗನಿಗಾಗಿ ತಂಡಗಳು ಬೇಕೆಂದೇ ಸೋಲುತ್ತಿವೆ ಎಂಬ ಅನುಮಾನ ಬಲವಾದಾಗ, 1985ರಲ್ಲಿ ಲಾಟರಿ ಬಂತು.

ಪೋರ್ಟ್‌ಲ್ಯಾಂಡಿಗೆ ಮೊದಲ ಸರದಿ ದೊರೆತದ್ದು 1972ರಲ್ಲಿ. ಆರಿಸಿದ್ದು ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದ ಲಾರೂ ಮಾರ್ಟಿನ್‌ರನ್ನು. ಆರಡಿ ಹನ್ನೊಂದು ಅಂಗುಲದ ಸಣಕಲು ದೇಹದ ಹುಡುಗ. ನಾಲ್ಕು ಸೀಸನ್ ಆಡಿದರು, ಪಂದ್ಯಕ್ಕೆ ಸರಾಸರಿ 5.3 ಅಂಕ, 1976ಕ್ಕೆ ಆಟ ಮುಗಿಯಿತು. ಅವರ ನಂತರ ಎರಡನೆಯವರಾಗಿ ಬಫಲೋ ತಂಡಕ್ಕೆ ಹೋದ ಬಾಬ್ ಮೆಕಡೂ ಮೊದಲ ವರ್ಷವೇ ‘ರೂಕಿ ಆಫ್ ದಿ ಇಯರ್’, 1975ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರ. ಅದೇ ಪಟ್ಟಿಯ ಹನ್ನೆರಡನೆಯ ಹೆಸರು ಜೂಲಿಯಸ್ ಅರ್ವಿಂಗ್. ಮಾರ್ಟಿನ್‌ರಿಗೆ ಬಂದ ಕೆಟ್ಟ ಹೆಸರಿಗೆ ಅವರ ಆಟ ಎಷ್ಟು ಕಾರಣವೋ ಈ ಇಬ್ಬರ ಆಟವೂ ಅಷ್ಟೇ ಕಾರಣ.

ಎರಡು ವರ್ಷದ ಬಳಿಕ, 1974ರಲ್ಲಿ, ಮತ್ತೆ ಮೊದಲ ಸರದಿ. ಈ ಬಾರಿ ಬಿಲ್ ವಾಲ್ಟನ್. ಯುಸಿಎಲ್‌ಎ ತಂಡದಲ್ಲಿ 88 ಪಂದ್ಯಗಳ ಸತತ ಗೆಲುವನ್ನು ಕಂಡವರು, ಎರಡು ಕಾಲೇಜು ಚಾಂಪಿಯನ್‌ಷಿಪ್ ಗೆದ್ದವರು. ಅಂಥವರು ಮೊದಲ ವರ್ಷ ಆಡಿದ್ದು 35 ಪಂದ್ಯ, ಎರಡನೆಯ ವರ್ಷ 51. ಉಳಿದ ದಿನಗಳೆಲ್ಲ ಗಾಯದ ಲೆಕ್ಕಕ್ಕೆ. ಎರಡು ವರ್ಷ ನೋಡಿ ತೀರ್ಪು ಕೊಡುವವರ ಕೈಗೆ ಸಿಕ್ಕಿದ್ದರೆ ವಾಲ್ಟನ್ ಕೂಡ ಠುಸ್ ಪಟಾಕಿಯೇ. ಆದರೆ ಮೂರನೆಯ ವರ್ಷ, 1977ರಲ್ಲಿ, ಫಿಲಡೆಲ್ಫಿಯಾ ಎದುರಿನ ಫೈನಲ್ಸ್‌ನಲ್ಲಿ ಮೊದಲ ಎರಡು ಪಂದ್ಯ ಸೋತ ತಂಡ ಮುಂದಿನ ನಾಲ್ಕನ್ನೂ ಗೆದ್ದಿತು. ಪೋರ್ಟ್‌ಲ್ಯಾಂಡ್ ಇಂದಿಗೂ ಗೆದ್ದಿರುವುದು ಆ ಒಂದೇ ಚಾಂಪಿಯನ್‌ಷಿಪ್. ಆ ವರ್ಷ ಶುರುವಾಗಿ 1995ರವರೆಗೆ ಸತತ 814 ಪಂದ್ಯಗಳ ಟಿಕೆಟ್ ಪೂರ್ತಿ ಮಾರಾಟವಾದವು ಎಂದರೆ ಊರಿಗೆ ಹಿಡಿದ ಹುಚ್ಚು ಎಂಥದೆಂದು ಊಹಿಸಿಕೊಳ್ಳಿ.

ಮರುವರ್ಷ ತಂಡ ಮೊದಲ 60 ಪಂದ್ಯಗಳಲ್ಲಿ 50 ಗೆದ್ದಿತ್ತು. ಆಗ ವಾಲ್ಟನ್‌ರ ಪಾದ ಕೈಕೊಟ್ಟಿತು. ಪ್ಲೇ ಆಫ್ ಹಂತದಲ್ಲಿ ನೋವು ತಿಳಿಯದಂತೆ ಇಂಜೆಕ್ಷನ್ ಪಡೆದು ಆಡಿದರು. ಆಮೇಲೆ ತೆಗೆದ ಎಕ್ಸ್‌ರೇಯಲ್ಲಿ ಪಾದದ ಮೂಳೆ ಮುರಿದಿರುವುದು ಕಂಡಿತು. ಲೀಗಿನ ಅತ್ಯುತ್ತಮ ಆಟಗಾರ ಎಂಬ ಪ್ರಶಸ್ತಿಯನ್ನು 1978ರಲ್ಲಿ ಪಡೆದ ಅದೇ ಮನುಷ್ಯ ಮುಂದಿನ ಸೀಸನ್ ಒಂದು ಪಂದ್ಯವನ್ನೂ ಆಡದೆ, ಆಮೇಲೆ ಊರನ್ನೇ ಬಿಟ್ಟುಹೋದರು.

ಅದೇ 1978ರಲ್ಲಿ ಮೂರನೆಯ ಸಲ ಮೊದಲ ಸರದಿ. ಬಹಾಮಾಸ್‌ನಲ್ಲಿ ಹುಟ್ಟಿದ ಮೈಕಲ್ ಥಾಂಪ್ಸನ್ ಬಂದರು. ಹೊರದೇಶದಲ್ಲಿ ಹುಟ್ಟಿ ಈ ಡ್ರಾಫ್ಟಿನಲ್ಲಿ ಮೊದಲಿಗರಾಗಿ ಆಯ್ಕೆಯಾದ ಮೊತ್ತಮೊದಲ ಆಟಗಾರ ಅವರು. ಮೊದಲ ವರ್ಷ ಚೆನ್ನಾಗಿ ಆಡಿದರು, ಎರಡನೆಯ ವರ್ಷ ಕಾಲು ಮುರಿದು ಪೂರ್ತಿ ಹೊರಗುಳಿದರು. ಬಳಿಕ ಮರಳಿ ಬಂದು ಹಲವು ವರ್ಷ ಗಟ್ಟಿಯಾಗಿ ದುಡಿದು, ಕೊನೆಗೆ ಲಾಸ್ ಏಂಜಲೀಸ್ ಲೇಕರ್ಸ್ ಜೊತೆ 1987, 1988ರಲ್ಲಿ ಚಾಂಪಿಯನ್ ಆದರು. ಅವರನ್ನು ಯಾರೂ ಬಸ್ಟ್ ಎನ್ನುವುದಿಲ್ಲ, ಮಹಾನ್ ಎನ್ನುವುದೂ ಇಲ್ಲ. ಒಳ್ಳೆಯ ಕೆಲಸಗಾರ, ಅಷ್ಟೆ. ಆದರೆ ಆ ವರ್ಷ ಆರನೆಯವರಾಗಿ ಬಾಸ್ಟನ್ ಆರಿಸಿಟ್ಟುಕೊಂಡ ಹುಡುಗನ ಹೆಸರು ಲ್ಯಾರಿ ಬರ್ಡ್. ಕಾಲೇಜಿನಲ್ಲಿ ಇನ್ನೊಂದು ವರ್ಷ ಆಡುವುದು ಬಾಕಿಯಿದ್ದುದರಿಂದ ಬೇರೆಯವರು ಕಾಯಲು ಒಪ್ಪಲಿಲ್ಲ, ಬಾಸ್ಟನ್ ಕಾಯಿತು.

ಇನ್ನು 1984. ಹ್ಯೂಸ್ಟನ್ ನಾಣ್ಯದಲ್ಲಿ ಗೆದ್ದು ನೈಜೀರಿಯಾದ ಹಕೀಮ್ ಒಲಾಜುವನ್‌ರನ್ನು ಆರಿಸಿತು. ಎರಡನೆಯ ಸರದಿ ಪೋರ್ಟ್‌ಲ್ಯಾಂಡಿನದು, ಇಂಡಿಯಾನಾ ತಂಡದೊಡನೆ 1981ರಲ್ಲಿ ಮಾಡಿಕೊಂಡ ಆಟಗಾರರ ವಿನಿಮಯದಲ್ಲಿ ದೊರೆತದ್ದು. ಅವರು ಕೆಂಟಕಿಯ ಏಳಡಿ ಒಂದಂಗುಲದ ಸ್ಯಾಮ್ ಬೋವಿಯನ್ನು ಆರಿಸಿದರು. ಮೂರನೆಯ ಸರದಿಯ ಶಿಕಾಗೋ ಉಳಿದವರಲ್ಲಿ ಒಬ್ಬನನ್ನು ಕರೆದುಕೊಂಡಿತು. ಆತ ಮೈಕಲ್ ಜೋರ್ಡನ್.

ಈ ಸಾಲನ್ನು ಓದಿ ನಗುವವರು ಆ ದಿನದ ಲೆಕ್ಕವನ್ನೂ ನೋಡಬೇಕು. ಜೋರ್ಡನ್ ಆಡುವ ಸ್ಥಾನಕ್ಕೆ ಪೋರ್ಟ್‌ಲ್ಯಾಂಡಿನಲ್ಲಿ ಜಿಮ್ ಪ್ಯಾಕ್ಸನ್ ಇದ್ದರು, ಹಿಂದಿನ ವರ್ಷ ಹದಿನಾಲ್ಕನೆಯವರಾಗಿ ಆರಿಸಿದ್ದ ಕ್ಲೈಡ್ ಡ್ರೆಕ್ಸ್ಲರ್ ಇದ್ದರು. ಬುಟ್ಟಿಯ ಕೆಳಗೆ ನಿಲ್ಲುವ ಎತ್ತರದ ಆಳು ಬೇಕಾಗಿತ್ತು. ಎತ್ತರದ ಆಳು ಗೆಲ್ಲಿಸುತ್ತಾನೆ ಎಂಬುದನ್ನು 1977ರಲ್ಲಿ ಈ ಊರು ಕಣ್ಣಾರೆ ಕಂಡಿತ್ತು. ಒಂದು ಸಲ ಬೋರ್‌ವೆಲ್ಲಿನಲ್ಲಿ ನೀರು ಬಂದ ಜಾಗದ ಪಕ್ಕದಲ್ಲೇ ಮತ್ತೆ ಮತ್ತೆ ಕೊರೆಸುವ ನಮ್ಮ ರೈತನ ಹಾಗೆ ತಂಡ ನಡೆದುಕೊಂಡಿತು.

ಇಷ್ಟಕ್ಕೂ ಬೋವಿಯ ಮೊದಲ ವರ್ಷ ಹೇಗಿತ್ತು? 76 ಪಂದ್ಯ, ಸರಾಸರಿ 10 ಅಂಕ, 8.6 ರೀಬೌಂಡ್. ವರ್ಷದ ಅತ್ಯುತ್ತಮ ಐವರು ಹೊಸಬರ ಪಟ್ಟಿಯಲ್ಲಿ ಜೋರ್ಡನ್, ಒಲಾಜುವನ್, ಚಾರ್ಲ್ಸ್ ಬಾರ್ಕ್ಲಿ, ಸ್ಯಾಮ್ ಪರ್ಕಿನ್ಸ್ ಜೊತೆ ಐದನೆಯ ಹೆಸರು ಸ್ಯಾಮ್ ಬೋವಿ. ‘ಬೆಳೆಯ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ನಂಬಿದವರಿಗೆ 1985ರ ಬೇಸಿಗೆಯಲ್ಲಿ ದೂರುವುದಕ್ಕೇನೂ ಇರಲಿಲ್ಲ. ಎರಡನೆಯ ವರ್ಷ ಕಾಲಿನ ಮೂಳೆ ಮುರಿಯಿತು. ಆಮೇಲಿನ ಲೆಕ್ಕ ಹೀಗೆ: 38 ಪಂದ್ಯ, 5 ಪಂದ್ಯ, ಸೊನ್ನೆ, 20 ಪಂದ್ಯ. ಐದು ವರ್ಷದಲ್ಲಿ ಒಟ್ಟು 139.

ನನ್ನನ್ನು ಹೆಚ್ಚು ಕಾಡಿದ್ದು ಈ ಅಂಕಿಗಳಲ್ಲ. ಕಾಲೇಜಿನಲ್ಲೇ ಮೊಣಕಾಲ ಕೆಳಗಿನ ಮೂಳೆ ಬಿರಿದು ಬೋವಿ ಎರಡು ಸೀಸನ್ ಕಳೆದುಕೊಂಡಿದ್ದರು. ಅದಕ್ಕಾಗಿಯೇ ಪೋರ್ಟ್‌ಲ್ಯಾಂಡ್ ಆಯ್ಕೆಗೆ ಮುಂಚೆ ಗಂಟೆಗಟ್ಟಲೆ ವೈದ್ಯಕೀಯ ಪರೀಕ್ಷೆ ಮಾಡಿಸಿತ್ತು. ಸಣ್ಣ ಸುತ್ತಿಗೆಯಿಂದ ಕಾಲಿಗೆ ತಟ್ಟಿದಾಗ ನೋವಾಗುತ್ತಿದ್ದರೂ ಏನೂ ಇಲ್ಲ ಎಂದು ಹೇಳಿದ್ದಾಗಿ ಬೋವಿ 2012ರ ಒಂದು ಸಾಕ್ಷ್ಯಚಿತ್ರದಲ್ಲಿ ತಾವೇ ಹೇಳಿಕೊಂಡರು. ಅದನ್ನು ಸುಳ್ಳು ಎಂದು ಖಂಡಿಸಿದವರಿದ್ದಾರೆ. ಇಪ್ಪತ್ತಮೂರರ ವಯಸ್ಸು, ಎದುರಿಗೆ ಬದುಕು ಬದಲಿಸುವ ಸಂಬಳ, ಹಿಂದೆ ಕಾಯುತ್ತಿರುವ ಮನೆಯವರು. ಆ ಸ್ಥಿತಿಯಲ್ಲಿ ‘ನೋಯುತ್ತಿದೆ’ ಎಂದು ಹೇಳುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗಿದೆ? ವೀಸಾ ಸಂದರ್ಶನಕ್ಕೋ ಹೊಸ ಕೆಲಸಕ್ಕೋ ಹೋಗುವಾಗ ಬೆನ್ನುನೋವನ್ನೂ ನಿದ್ದೆಗೆಟ್ಟ ರಾತ್ರಿಗಳನ್ನೂ ಮುಚ್ಚಿಟ್ಟು ನಕ್ಕವರು ನಮ್ಮ ನಡುವೆಯೇ ಇದ್ದಾರೆ. ದೊಡ್ಡ ನಿರೀಕ್ಷೆಗಳು ಮೊದಲು ಕಸಿದುಕೊಳ್ಳುವುದೇ ನೋವನ್ನು ಹೇಳಿಕೊಳ್ಳುವ ಸ್ವಾತಂತ್ರ್ಯವನ್ನು. ವಾಲ್ಟನ್‌ರ ಇಂಜೆಕ್ಷನ್ ಮತ್ತು ಬೋವಿಯ ಮೌನ, ಎರಡೂ ಒಂದೇ ಕತೆ.

ನಾಲ್ಕನೆಯ ಮೊದಲ ಸರದಿ 2007ರಲ್ಲಿ ಬಂತು. ಲಾಟರಿಯಲ್ಲಿ ಪೋರ್ಟ್‌ಲ್ಯಾಂಡಿಗಿದ್ದ ಅವಕಾಶ ಶೇಕಡ 5.3 ಮಾತ್ರ, ಆದರೂ ಅದೃಷ್ಟ ಒಲಿಯಿತು. ಒಹಾಯೋ ಸ್ಟೇಟ್‌ನ ಏಳಡಿಯ ಗ್ರೆಗ್ ಓಡನ್ ಒಂದು ಕಡೆ, ಟೆಕ್ಸಸ್‌ನ ಕೆವಿನ್ ಡ್ಯುರಾಂಟ್ ಇನ್ನೊಂದು ಕಡೆ. ಡ್ರಾಫ್ಟಿಗೆ ಮುಂಚಿನ ದೈಹಿಕ ಪರೀಕ್ಷೆಯಲ್ಲಿ ಡ್ಯುರಾಂಟ್ 185 ಪೌಂಡ್ ಭಾರವನ್ನು ಒಮ್ಮೆಯೂ ಎತ್ತಲಾಗಲಿಲ್ಲ ಎಂಬುದು ದೊಡ್ಡ ಸುದ್ದಿಯಾಗಿತ್ತು. ಊರು ಓಡನ್‌ರನ್ನು ಆರಿಸಿತು. ಆ ಸೆಪ್ಟೆಂಬರಿನಲ್ಲೇ ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಮೊದಲ ವರ್ಷ ಪೂರ್ತಿ ಹೋಯಿತು. ಮರುವರ್ಷ 61 ಪಂದ್ಯ. ಅದರ ಮುಂದಿನ ವರ್ಷ 21 ಪಂದ್ಯ ಆಡುವಷ್ಟರಲ್ಲಿ ಎಡ ಮಂಡಿಚಿಪ್ಪು ಒಡೆಯಿತು. 2012ರಲ್ಲಿ ತಂಡ ಅವರನ್ನು ಕೈಬಿಟ್ಟಿತು. ಪೋರ್ಟ್‌ಲ್ಯಾಂಡಿಗಾಗಿ ಅವರು ಆಡಿದ್ದು ಒಟ್ಟು 82 ಪಂದ್ಯ. ಒಂದು ತಂಡ ಒಂದೇ ಸೀಸನ್ನಿನಲ್ಲಿ ಆಡುವ ಪಂದ್ಯಗಳ ಸಂಖ್ಯೆಯೂ 82. ಭಾರ ಎತ್ತಲಾರದ ಡ್ಯುರಾಂಟ್ ಮೊದಲ ವರ್ಷ ರೂಕಿ ಪ್ರಶಸ್ತಿ, 2014ರಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿ, ಆಮೇಲೆ ಎರಡು ಚಾಂಪಿಯನ್‌ಷಿಪ್ ಗೆದ್ದರು.

ಹಾಗಾದರೆ ಆರಿಸುವವರಿಗೆ ಏನೂ ತಿಳಿಯುವುದಿಲ್ಲವೆಂದೇ? ಹಾಗೆ ಹೇಳುವುದು ಅನ್ಯಾಯ. ಒಟ್ಟಾರೆ ನೋಡಿದರೆ ಮುಂಚೆ ಆಯ್ಕೆಯಾದವರು ಕೊನೆಯಲ್ಲಿ ಆಯ್ಕೆಯಾದವರಿಗಿಂತ ಹೆಚ್ಚು ಕಾಲ, ಹೆಚ್ಚು ಚೆನ್ನಾಗಿ ಆಡುತ್ತಾರೆ. 1997ರ ಟಿಮ್ ಡಂಕನ್, 2003ರ ಲೆಬ್ರಾನ್ ಜೇಮ್ಸ್ ಮೊದಲ ವರ್ಷದಲ್ಲಿ ಹುಟ್ಟಿಸಿದ ನಿರೀಕ್ಷೆಯನ್ನು ಮೀರಿ ಬೆಳೆದವರು. ಆದರೆ ಸರಾಸರಿಯ ಮಾತು ಬೇರೆ, ಒಬ್ಬ ಹುಡುಗನ ಬದುಕು ಬೇರೆ. 2014ರಲ್ಲಿ 41ನೆಯವರಾಗಿ ಆಯ್ಕೆಯಾದ ಸರ್ಬಿಯಾದ ನಿಕೋಲಾ ಯೋಕಿಚ್‌ರ ಹೆಸರು ಬಂದಾಗ ಟಿವಿಯಲ್ಲಿ ಜಾಹೀರಾತು ಓಡುತ್ತಿತ್ತು. ಅವರು ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರರಾದರು.

ಪೋರ್ಟ್‌ಲ್ಯಾಂಡಿನ ಚರಿತ್ರೆಯಿಂದ ನನಗೆ ತಿಳಿದದ್ದು ಇಷ್ಟು. ಮೊದಲ ವರ್ಷವನ್ನು ನೋಡಿ ಬೋವಿಯನ್ನು ಹೊಗಳಿದ್ದರೂ ತಪ್ಪಾಗುತ್ತಿತ್ತು, ವಾಲ್ಟನ್‌ರನ್ನು ತೆಗಳಿದ್ದರೂ ತಪ್ಪಾಗುತ್ತಿತ್ತು. ಬೋವಿ ಮತ್ತು ಓಡನ್ ಸೋತದ್ದು ಪ್ರತಿಭೆಯಲ್ಲಲ್ಲ, ಮೂಳೆಯಲ್ಲಿ. ಅವರನ್ನು ಬಸ್ಟ್ ಮಾಡಿದ್ದು ಅವರ ಹಿಂದಿನ ಸಾಲಿನಲ್ಲಿ ನಿಂತಿದ್ದವರ ಯಶಸ್ಸು. ಆ ಸಾಲನ್ನು ಜೋಡಿಸಿದವರು ಆಫೀಸಿನಲ್ಲಿ ಕೂತ ಹಿರಿಯರು, ಹೆಸರು ಕೆಟ್ಟದ್ದು ಮಾತ್ರ ಹುಡುಗರದು. ಪರೀಕ್ಷೆಯಲ್ಲಿ ರ‍್ಯಾಂಕ್ ಬಂದವರ ಫೋಟೋವನ್ನು ಪತ್ರಿಕೆಯಲ್ಲಿ ನೋಡಿ, ಇಪ್ಪತ್ತು ವರ್ಷದ ಮೇಲೆ ‘ಆ ಹುಡುಗ ಈಗ ಏನಾಗಿದ್ದಾನೆ?’ ಎಂದು ತುಸು ಕುಹಕದಿಂದ ಕೇಳುವ ನಮಗೂ ಇದು ಹೊಸದಲ್ಲ. ಮಕ್ಕಳನ್ನು ಇಲ್ಲಿ ಬೆಳೆಸುತ್ತಿರುವ ನಾವು ಆ ಪಟ್ಟಿಯ ಚಟವನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡೇ ಬಂದಿದ್ದೇವೆ.

ಚರಿತ್ರೆಗೆ ಇನ್ನೊಂದು ಮಗ್ಗುಲೂ ಇದೆ. 1989ರಲ್ಲಿ ಪೋರ್ಟ್‌ಲ್ಯಾಂಡ್ ಬೋವಿಯನ್ನು ನ್ಯೂಜೆರ್ಸಿಗೆ ಕೊಟ್ಟು ಬಕ್ ವಿಲಿಯಮ್ಸ್‌ರನ್ನು ತಂದಿತು. ವಿಲಿಯಮ್ಸ್ ಬಂದ ಮೊದಲ ಸೀಸನ್ನಿನಲ್ಲೇ ತಂಡ ಫೈನಲ್ಸ್ ತಲುಪಿತು, 1992ರಲ್ಲಿ ಮತ್ತೊಮ್ಮೆ. ಎರಡನೆಯ ಸಲ ಎದುರು ನಿಂತು ಸೋಲಿಸಿದವರು ಜೋರ್ಡನ್ ಎಂಬುದನ್ನು ಊರು ಮರೆತಿಲ್ಲ. ಬೋವಿಯಿಂದಲೇ ಬಕ್ ವಿಲಿಯಮ್ಸ್ ಬಂದರು ಎಂಬುದನ್ನು ಮಾತ್ರ ನೆನೆಯುವವರು ಕಡಿಮೆ. ಬೋವಿ ಹೊಸ ಊರಿನಲ್ಲಿ ಕಾಲು ಗಟ್ಟಿಯಾಗಿ 1995ರವರೆಗೆ ಆಡಿದರು, ಒಟ್ಟು 511 ಪಂದ್ಯ. ಈ ತಂಡದ ಪರವಾಗಿ ಅತಿ ಹೆಚ್ಚು ಅಂಕ ಗಳಿಸಿದ ಇಬ್ಬರು ಯಾರೆಂದು ನೋಡಿದರೆ, ಒಬ್ಬರು ಹದಿನಾಲ್ಕನೆಯ ಆಯ್ಕೆಯ ಡ್ರೆಕ್ಸ್ಲರ್, ಇನ್ನೊಬ್ಬರು ವೀಬರ್ ಸ್ಟೇಟ್ ಎಂಬ ಅಷ್ಟೇನೂ ಪ್ರಸಿದ್ಧವಲ್ಲದ ವಿಶ್ವವಿದ್ಯಾಲಯದಿಂದ 2012ರಲ್ಲಿ ಆರನೆಯವರಾಗಿ ಬಂದ ಡೇಮಿಯನ್ ಲಿಲ್ಲರ್ಡ್. ಇಬ್ಬರೂ ಎತ್ತರದ ಹುಡುಗರ ಪೈಕಿಯಲ್ಲ.

ಲಾರೂ ಮಾರ್ಟಿನ್ ಆಟ ಬಿಟ್ಟ ಮೇಲೆ ಯುಪಿಎಸ್ ಕಂಪನಿ ಸೇರಿ, ಅಲ್ಲಿ ದೀರ್ಘಕಾಲ ದುಡಿದು, ಮರ್ಯಾದೆಯ ಹುದ್ದೆಗೆ ಏರಿದರು. ಗ್ರೆಗ್ ಓಡನ್ ತಾವು ಬಿಟ್ಟುಬಂದಿದ್ದ ಒಹಾಯೋ ಸ್ಟೇಟ್‌ಗೆ ಮರಳಿ, ತಮಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರ ನಡುವೆ ತರಗತಿಯಲ್ಲಿ ಕುಳಿತು, 2019ರಲ್ಲಿ ಪದವಿ ಪಡೆದರು. ಆಮೇಲೆ ಕಾಲೇಜು ತಂಡವೊಂದರ ಸಿಬ್ಬಂದಿಯಾಗಿ ಹೊಸ ಹುಡುಗರೊಡನೆ ಕೆಲಸಕ್ಕೆ ನಿಂತರು. ಪೋರ್ಟ್‌ಲ್ಯಾಂಡಿನ ಹಳಬರು ಮುಂದಿನ ಸಲ ನಿಟ್ಟುಸಿರು ಬಿಟ್ಟಾಗ, ಈ ಎರಡು ಸಂಗತಿಗಳನ್ನೂ ಪಟ್ಟಿಗೆ ಸೇರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ.