ಅಯ್ಯಾವೊಳೆ ಐನೂರ್ವರು: ಒಂದು ಹೆಸರಿನ ವಹಿವಾಟು

ಮಧ್ಯಕಾಲೀನ ದಕ್ಷಿಣ ಭಾರತದ ವರ್ತಕರು ತಮ್ಮ ವ್ಯಾಪಾರವನ್ನು ಕಡಲಾಚೆಗೂ ಹೇಗೆ ಬೆಳೆಸಿಕೊಂಡರು ಎಂಬ ಪ್ರಶ್ನೆಗೆ, ಅವರು ಸಾಗಿಸಿದ ಸರಕಿಗಿಂತ ಅವರು ಹೇಳಿಕೊಂಡ ಹೆಸರಿನಲ್ಲೇ ಹೆಚ್ಚಿನ ಉತ್ತರ ಸಿಗುತ್ತದೆ. ಶಾಸನಗಳ ಅಯ್ಯಾವೊಳೆಯೆಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ, ಮಲಪ್ರಭೆಯ ದಡದ ಐಹೊಳೆ. ಅಲ್ಲಿನ ಲಾಡಖಾನ್ ಗುಡಿಯ ಶಾಸನವೊಂದು ಐನೂರು ಮಹಾಜನರನ್ನು ಸ್ಮರಿಸುತ್ತದೆ. ವೇದ ಬಲ್ಲವರ ಈ ಸಭೆಗೂ ಮುಂದೆ ‘ಅಯ್ಯಾವೊಳೆ ಐನೂರ್ವರು’ ಎಂದು ಪ್ರಸಿದ್ಧವಾದ ವರ್ತಕ ಸಂಘಕ್ಕೂ ಇದ್ದ ನಂಟಿನ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲವಾದರೂ, 11ನೆಯ ಶತಮಾನದ ಹೊತ್ತಿಗೆ ಐನೂರೆಂಬುದು ತಲೆಯೆಣಿಕೆಯಾಗಿ ಉಳಿಯದೆ ಬಿರುದಾಗಿತ್ತು.

ಈ ಸಂಘಕ್ಕೆ ಎಲ್ಲರನ್ನೂ ಆಳುವ ಯಜಮಾನನಾಗಲಿ, ಒಂದೇ ಬೊಕ್ಕಸವಾಗಲಿ ಇದ್ದಂತೆ ತೋರುವುದಿಲ್ಲ. ಒಂದು ಪೇಟೆಯ ವರ್ತಕರ ಕೂಟವಾದ ‘ನಗರ’, ಅದರ ಮುಖ್ಯಸ್ಥನಾದ ‘ಪಟ್ಟಣಸ್ವಾಮಿ’, ಹಲವು ನಾಡುಗಳಲ್ಲಿ ಸಂಚರಿಸುವ ‘ನಾನಾದೇಶಿ’ಗಳು, ಇವರೆಲ್ಲ ತಂತಮ್ಮ ಬಂಡವಾಳದಲ್ಲಿ ವ್ಯವಹರಿಸುತ್ತಲೇ ಅಯ್ಯಾವೊಳೆಯ ಹೆಸರನ್ನೂ, ಆ ಊರಿನ ಪರಮೇಶ್ವರಿಯ ಮಕ್ಕಳೆಂಬ ಹೆಗ್ಗಳಿಕೆಯನ್ನೂ, ‘ವೀರ ಬಣಂಜು ಧರ್ಮ’ವೆಂಬ ವರ್ತಕ ನಡಾವಳಿಯನ್ನೂ ಹಂಚಿಕೊಂಡಿದ್ದರು. ಮಲಪ್ರಭೆಯನ್ನು ಕಂಡೇ ಇರದ ಎಷ್ಟೋ ಮಂದಿ ಅದರ ದಡದ ಊರನ್ನು ತಮ್ಮದೆಂದು ಹೇಳಿಕೊಂಡಿರಬೇಕು.

ಆ ಹೆಸರನ್ನು ಸಾರುತ್ತಿದ್ದುದು ಪ್ರಶಸ್ತಿ, ಅಂದರೆ ಶಾಸನದ ಮೊದಲಿಗೆ ಬರುವ ಹೊಗಳಿಕೆಯ ಭಾಗ. ಶಿಕಾರಿಪುರ ಸೀಮೆಯ ಶಾಸನವೊಂದರಲ್ಲಿ ಇವರು ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ, ಪಾರಸಗಳನ್ನು ನೆಲದ ಹಾದಿಯಿಂದಲೂ ನೀರಿನ ಹಾದಿಯಿಂದಲೂ ಹೊಕ್ಕವರು. ಆನೆ, ಕುದುರೆ, ನೀಲ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿಗಳನ್ನು ಸಗಟಾಗಿಯೂ, ಹೆಗಲ ಮೇಲೆ ಹೊತ್ತು ಬಿಡಿಯಾಗಿಯೂ ಮಾರುವವರು. ಜಾಹೀರಾತನ್ನು ಅಕ್ಷರಶಃ ನಂಬುವವರು ಅಂದೂ ಕಡಿಮೆಯೇ ಇದ್ದಿರಬೇಕು. ಆದರೂ ಆನೆಯ ವ್ಯಾಪಾರಿಯನ್ನೂ ಹೆಗಲ ಹೊರೆಯವನನ್ನೂ ಒಂದೇ ಬಿರುದಿನಡಿ ತಂದದ್ದರಲ್ಲಿ ಈ ಸಂಘದ ಜಾಣತನವಿದೆ.

ಹೆಸರನ್ನು ಬಳಸುವವರು ಅದಕ್ಕೆ ತೆರುವುದೂ ಇತ್ತು. ತಮಿಳುನಾಡಿನ ಪಿರಾನ್ಮಲೈಯ 13ನೆಯ ಶತಮಾನದ ಶಾಸನದಲ್ಲಿ ವರ್ತಕರು ಉಪ್ಪು, ಅಕ್ಕಿ, ಅಡಕೆ, ಕಬ್ಬಿಣ, ಹತ್ತಿಗಳ ಹೊರೆಗೆ ಇಷ್ಟೆಂದು ದೇವಾಲಯಕ್ಕಾಗಿ ತಾವೇ ವಂತಿಗೆ ಹಾಕಿಕೊಂಡದ್ದು ದಾಖಲಾಗಿದೆ. ಸುಮಾತ್ರಾದ ಬಾರೂಸಿನಲ್ಲಿ, ಕರ್ಪೂರಕ್ಕೆ ಹೆಸರಾದ ಆ ಬಂದರಿನಲ್ಲಿ, ದೊರೆತ 1088ರ ತಮಿಳು ಶಾಸನ ಐನೂರ್ವರದೇ. ಹಡಗಿನವರು ಕಸ್ತೂರಿಯ ಬೆಲೆಗೆ ಅನುಗುಣವಾಗಿ ಚಿನ್ನದಲ್ಲಿ ಶುಲ್ಕ ಸಲ್ಲಿಸಬೇಕೆಂಬುದು ಅದರ ವಿಷಯ. ಬರ್ಮಾದ ಪಗಾನಿನಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣು ಗುಡಿಗೆ 13ನೆಯ ಶತಮಾನದಲ್ಲಿ ಮಂಟಪವನ್ನೂ ಬಾಗಿಲನ್ನೂ ಕೊಟ್ಟವನು ಕೇರಳದ ಕರಾವಳಿಯಿಂದ ಬಂದವನು. ಹುಟ್ಟಿದ ನಾಡಾಗಲಿ ಆಡುವ ಭಾಷೆಯಾಗಲಿ ಈ ಹೆಸರಿಗೆ ಅಡ್ಡಿಯಾಗಲಿಲ್ಲ.

ಇಷ್ಟಾದರೂ ಬೆಳವಣಿಗೆಯನ್ನೆಲ್ಲ ಹೆಸರಿನ ಮಹಿಮೆಗೇ ಕಟ್ಟುವುದು ಸರಿಯಲ್ಲ. ರಾಜ್ಯಗಳ ಗಡಿ ದಾಟುವ ಹಾದಿಗಳಲ್ಲಿ ಸರಕಿಗೆ ಕಾವಲು ಬೇಕಿತ್ತು. ಅದಕ್ಕೆ ಸಂಘವು ಆಯುಧಧಾರಿಗಳನ್ನು ಜೊತೆಗಿಟ್ಟುಕೊಂಡಿತ್ತು. ತಮಿಳು ನಾಡಿನ ಹಲವು ಶಾಸನಗಳಲ್ಲಿ, ವರ್ತಕರು ತಮ್ಮನ್ನು ಕಾದ ಯೋಧರ ಸಾಹಸವನ್ನು ಮೆಚ್ಚಿ, ಊರನ್ನು ‘ವೀರಪಟ್ಟಣ’ವೆಂಬ ರಕ್ಷಿತ ಪೇಟೆಯಾಗಿ ಸಾರಿದ್ದು ಕಾಣುತ್ತದೆ.