ಕಾರೂ ರೈಲು ಹತ್ತಿದ ಕತೆ

ರಾತ್ರಿ ರೈಲಲ್ಲಿ ನಾವು ಹೊದ್ದು ಮಲಗಿರ್ತೀವಿ. ಅದೇ ರೈಲಿಗೆ ಸೇರ್ಸಿರೋ ಗಾಡಿ ಮೇಲೆ ನಮ್ಮ ಕಾರೂ ಕಟ್ಟಿಸ್ಕೊಂಡು ಬರ್ತಾ ಇರ್ತದೆ. ಬೆಳಗಾದ್ರೆ ನಾವೂ ಇಳಿದು, ಕಾರನ್ನೂ ಇಳಿಸ್ಕೊಂಡು, ಸೀದಾ ನೆಂಟರ ಮನೆ ಬಾಗಿಲಿಗೆ ಹೋಗೋದು. ಹಿಂಗೊಂದು ರೈಲು ಅದೆ ಅಂದಿದ್ಕೆ ನಮ್ಮ ಚಿಕ್ಕವ್ವ "ಸುಮ್ಕಿರು ತಾಯಿ, ಯಾರಾರ ಕೇಳಿದ್ರೆ ನಕ್ಕಾರು" ಅಂದ್ರು. ಸುಳ್ಳಲ್ಲ ಕಣ್ರವ್ವ. 2025ರ ಗಣೇಶನ ಹಬ್ಬಕ್ಕೆ ಕೊಂಕಣ ರೈಲ್ವೆಯೋರು ಇಂಥದ್ದೇ ಒಂದನ್ನ ಓಡಿಸಿದ್ರು. ಮಂಡ್ಯದ ಕಡೆಗೆ ಬರ್ಲಿಲ್ಲ ಬುಡಿ. ಆದ್ರೆ ಇಂಥ ರೈಲು ಯಾಕೆ ಬೇಕಾಯ್ತು ಅನ್ನೋದು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಹೆಂಗಸರಿಗೆ ಚೆನ್ನಾಗಿ ಅರ್ಥ ಆಗ್ತದೆ. ಅದಕ್ಕೆ ಒಸಿ ಹಳೇ ಕಾಲದಿಂದ ಹೇಳ್ಕೊಂಡು ಬರ್ತೀನಿ.

ಮೊದಲು ಎತ್ತಿನ ಗಾಡಿ. ನಮ್ಮ ಸೀಮೇಲಿ ಆಲೆಮನೆ ಬೆಲ್ಲ ಮಂಡ್ಯದ ಮಂಡಿಗೆ ಹೋಗ್ತಿದ್ದುದು ರಾತ್ರಿ ಹೊತ್ತೇ. ಗಾಡಿ ಕೆಳಗೆ ಲಾಟೀನು ಕಟ್ಟಿ, ಊಟ ಮಾಡಿ ಹೊರಟ್ರೆ ಕೋಳಿ ಕೂಗೋ ಹೊತ್ತಿಗೆ ಮಂಡಿ. ಗಾಡಿ ಹೊಡೆಯೋರು ಹುಲ್ಲಿನ ಮೇಲೆ ಕಂಬಳಿ ಹಾಸ್ಕೊಂಡು ನಿದ್ದೆ ಮಾಡೋರು. ಎತ್ತುಗಳಿಗೆ ದಾರಿ ಗೊತ್ತು. ಎದುರಿಗೆ ಇನ್ನೊಂದು ಗಾಡಿ ಬಂದ್ರೆ ಅವೇ ಪಕ್ಕಕ್ಕೆ ಸರೀತಿದ್ವು. ಹೆಂಗಸರು ತವರಿಗೆ ಹೋಗ್ಬೇಕಾದ್ರೆ ಕಮಾನು ಗಾಡಿ. ಒಳಗೆ ಮಕ್ಕಳು, ಬುತ್ತಿ, ಬಾಣಂತಿ ಇದ್ರೆ ಬಾಣಂತಿ. ನಿಧಾನ ಅನ್ನೋದು ಬಿಟ್ರೆ, ಗಾಡಿ ಹೊಡೆಯೋರು ತೂಕಡಿಸಿದ್ರೂ ಯಾರ ಪ್ರಾಣಕ್ಕೂ ಕುತ್ತು ಬರ್ತಿರ್ಲಿಲ್ಲ. ಈ ಮಾತು ಒಸಿ ನೆನಪಲ್ಲಿ ಇಟ್ಕೊಳಿ.

ಆಮೇಲೆ ಬಂತು ರೈಲು. 1876ರಿಂದ 78ರ ತನಕ ಮೈಸೂರು ಸೀಮೇನೇ ಸುಟ್ಟಂಗೆ ಮಾಡಿದ ಧಾತು ಈಶ್ವರ ಬರದ ಹೆಸರು ನಮ್ಮ ಹಿರೀಕರ ಬಾಯಲ್ಲಿ ಕೇಳಿರ್ತೀರಿ. ಹಸಿದ ಜನಕ್ಕೆ ಕೂಲಿ ಸಿಗ್ಲಿ ಅಂತ ಶುರು ಮಾಡಿದ ಮಣ್ಣಿನ ಕೆಲಸಗಳಲ್ಲಿ ಬೆಂಗಳೂರು-ಮೈಸೂರು ರೈಲು ದಾರಿನೂ ಒಂದು. 1881-82ರ ಹೊತ್ತಿಗೆ ಆ ದಾರಿ ಮದ್ದೂರು, ಮಂಡ್ಯ ದಾಟಿ ಮೈಸೂರು ಮುಟ್ಟಿತು. ನಾವಿವತ್ತು ವಡೆ ತಿನ್ಕೊಂಡು ಹೋಗೋ ದಾರಿಯ ಮಣ್ಣು ಹೊತ್ತೋರಲ್ಲಿ ಬರದಲ್ಲಿ ಹೊಟ್ಟೆಗಿಲ್ದೆ ಬಂದ ಗಂಡಸರು, ಹೆಂಗಸರು ಎಲ್ರೂ ಇದ್ರು.

ರೈಲು ಬಂದ್ಮೇಲೆ ದೂರದೂರು ಹತ್ರ ಆಯ್ತು. ಆದ್ರೆ ರೈಲು ಸ್ಟೇಷನ್ನಿಗೆ ಮಾತ್ರ ಕರ್ಕೊಂಡು ಹೋಗ್ತದೆ, ಮನೆ ಬಾಗಿಲಿಗೆ ಅಲ್ಲ. ಮಳವಳ್ಳಿಯೋರನ್ನ ಕೇಳಿ, ಇದು ಅವರಿಗೆ ಚೆನ್ನಾಗಿ ಗೊತ್ತು. ಮಳವಳ್ಳಿಗೆ ಇವತ್ತಿಗೂ ರೈಲಿಲ್ಲ. ರೈಲು ಹಿಡೀಬೇಕು ಅಂದ್ರೆ ಸುಮಾರು 25 ಕಿಲೋಮೀಟರು ಆಚೆ ಮದ್ದೂರಿಗೆ ಬರ್ಬೇಕು, ಇಲ್ಲ ಮಂಡ್ಯಕ್ಕೆ ಹೋಗ್ಬೇಕು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತಲ್ಲ, ಅದರ ಯಂತ್ರಗಳು ಪರದೇಶದಿಂದ ಹಡಗಲ್ಲಿ ಬಂದು, ರೈಲಲ್ಲಿ ಬಂದು, ಕೊನೆಗೆ ರೈಲಿಲ್ಲದ ಆ ದಾರಿಲಿ ಎತ್ತು, ಆನೆಗಳ ಕೈಲಿ ಎಳೆಸಿದ್ರು. ಅಷ್ಟು ದೊಡ್ಡ ಯಂತ್ರಕ್ಕೇ ಆ ಪಾಡು ಅಂದ್ಮೇಲೆ, ಕೂಸು ಎತ್ಕೊಂಡು ಟ್ರಂಕು ಹೊತ್ಕೊಂಡು ಮದ್ದೂರಲ್ಲಿ ಇಳಿದ ಸೊಸೆ ಪಾಡು ಏನು? ಜಟಕಾ ಸಿಕ್ರೆ ಜಟಕಾ, ಇಲ್ದಿದ್ರೆ ಗಾಡಿ ಬರೋ ತನಕ ಬೇವಿನ ಮರದ ಕೆಳಗೆ ಕಾಯೋದು.

ದೊಡ್ಡೋರಿಗೆ ಮಾತ್ರ ಈ ತೊಂದರೆ ಇರ್ಲಿಲ್ಲ. ಇಂಗ್ಲೆಂಡಲ್ಲಿ ರೈಲು ಶುರುವಾದ ಕಾಲಕ್ಕೇ ಸಾಹುಕಾರರು ತಮ್ಮ ಕುದುರೆ ಸಾರೋಟನ್ನ ಚಪ್ಪಟೆ ಗಾಡಿ ಮೇಲೆ ಏರಿಸಿ, ಅದರೊಳಗೇ ಕೂತ್ಕೊಂಡು ಹೋಗ್ತಿದ್ರು. ಕುದುರೆಗಳಿಗೆ ಬೇರೆ ಡಬ್ಬಿ. ನಮ್ಮ ದೇಶದ ರೈಲುಗಳಲ್ಲೂ ಕುದುರೆ ಡಬ್ಬಿಗೆ ಇಷ್ಟು, ಸಾರೋಟಿಗೆ ಇಷ್ಟು ಅಂತ ದರ ಇರ್ತಿತ್ತು. ಅಂದ್ರೆ ನಮ್ಮ ಗಾಡಿನೂ ನಮ್ಮ ಜತೇಲೇ ರೈಲಲ್ಲಿ ಬರ್ಲಿ ಅನ್ನೋ ಆಸೆ ರೈಲಿನಷ್ಟೇ ಹಳೇದು.

ನಮ್ಮಂಥೋರ ಪಾಲಿಗೆ ಆ ಆಸೆ ಸೈಕಲ್ಲಿಂದ ಶುರುವಾಗಿ ಸ್ಕೂಟರಿಗೆ ಬಂದು ನಿಂತ್ತು. ಮಗ ಬೇರೆ ಊರಿಗೆ ಓದೋಕೆ ಹೋದ, ಕೆಲಸಕ್ಕೆ ಹೋದ ಅಂದ್ರೆ ಬೈಕನ್ನ ರೈಲಲ್ಲಿ ಹಾಕಿ ಕಳಿಸೋದು ನೀವೂ ನೋಡಿದ್ದೀರಿ. ಪೆಟ್ರೋಲು ಪೂರಾ ಖಾಲಿ ಮಾಡ್ಬೇಕು. ಗೋಣಿಚೀಲ ಸುತ್ತಿ ಹುರಿ ಕಟ್ಬೇಕು. ಆರ್‌ಸಿ, ಗುರುತಿನ ಚೀಟಿ ಎರಡರದ್ದೂ ಜೆರಾಕ್ಸ್ ಕೊಡ್ಬೇಕು. ಕಳಿಸೋ ಊರು, ಇಳಿಸೋ ಊರು ಬರೆದ ಚೀಟಿ ಕಟ್ಬೇಕು. ನಮ್ಮ ಟಿಕೆಟ್ಟಿನ ಜತೆ ಲಗೇಜು ಅಂತ ಹಾಕಿದ್ರೆ ಅದೇ ರೈಲಲ್ಲಿ ಬರ್ತದೆ. ಪಾರ್ಸಲ್ಲು ಅಂತ ಹಾಕಿದ್ರೆ ಜಾಗ ಇರೋ ರೈಲಲ್ಲಿ ಬರ್ತದೆ. ಈ ಎರಡರ ಫರಕು ಮೊದಲೇ ಕೇಳ್ಕೊಂಡು ಬುಕ್ ಮಾಡಿ. ಬೈಕಿಗೆ ಇಷ್ಟು ಅನುಕೂಲ ಇದ್ರೂ ಕಾರಿಗೆ ಇರ್ಲಿಲ್ಲ. ಹೊಸ ಕಾರುಗಳನ್ನ ಕಂಪನಿಯಿಂದ ಮಾರೋ ಊರಿಗೆ ರೈಲಲ್ಲಿ ಸಾಗಿಸ್ತಾರೆ. ಅದಕ್ಕೆ ಹಳೇ ಪ್ಯಾಸೆಂಜರ್ ಬೋಗಿಗಳ ಸೀಟು ಕಿತ್ತು, ಕಿಟಕಿ ಮುಚ್ಚಿ, ಕೊನೇಲಿ ಬಾಗಿಲು ಮಾಡ್ತಾರೆ. ನಾವು ಒಂದು ಕಾಲಕ್ಕೆ ಕೂತು ಹೋದ ಬೋಗಿಲೇ ಈಗ ಕಾರು ಹೋಗ್ತಿರ್ಬಹುದು. ಆದ್ರೆ ಅದು ವ್ಯಾಪಾರದ ಸಾಮಾನು, ಜತೇಲಿ ಜನ ಹೋಗೋ ಹಂಗಿಲ್ಲ.

ಇಷ್ಟರಲ್ಲಿ ಮನೆಮನೆಗೂ ಕಾರು ಬಂತು. ಕಾರು ಬಂದ್ಮೇಲೆ ಬಾಗಿಲಿಂದ ಬಾಗಿಲಿಗೆ ಹೋಗೋದು ಸುಲಭ ಆಯ್ತು ಅಂತ ಎಲ್ರೂ ಹೇಳ್ತಾರೆ. ಹೆಂಗಸರಿಗೆ ಒಂದು ಹೊಸ ಕೆಲಸ ಬಂತು ಅನ್ನೋದನ್ನ ಯಾರೂ ಹೇಳಲ್ಲ. ಮದುವೆ ಮುಗಿಸ್ಕೊಂಡೋ, ಧರ್ಮಸ್ಥಳಕ್ಕೆ ಹೋಗಿಯೋ ರಾತ್ರೋರಾತ್ರಿ ವಾಪಸ್ ಬರೋದು ನಮ್ಮೋರ ಅಭ್ಯಾಸ. ಬೆಳಗ್ಗೆ ಹಾಲು ಕರೀಬೇಕು, ಗದ್ದೆಗೆ ನೀರು ಕಟ್ಬೇಕು, ಡ್ಯೂಟಿಗೆ ಹೋಗ್ಬೇಕು. ಹಿಂದಿನ ಸೀಟಲ್ಲಿ ಮಕ್ಕಳು, ಅತ್ತೆ ಎಲ್ಲ ಮಲಗಿರ್ತಾರೆ. ಮುಂದಿನ ಸೀಟಲ್ಲಿ ಕೂತೋಳಿಗೆ ಒಂದೇ ಕೆಲಸ: ತಾನೂ ಮಲಗಬಾರ್ದು, ಸ್ಟೇರಿಂಗ್ ಹಿಡ್ದೋರನ್ನೂ ಮಲಗಕ್ಕೆ ಬುಡಬಾರ್ದು. ನಾನು ಎಷ್ಟು ಸಲ ಮಾಡಿದ್ದೀನೋ. ಹುರಿಗಡಲೆ ಒಂದೊಂದೇ ಹಿಡಿ ಕೊಡ್ತಾ ಇರೋದು, ಒದ್ದೆ ಟವಲು ಕೊಡೋದು, ನಾಲೆಗೆ ನೀರು ಯಾವಾಗ ಬುಡ್ತಾರೆ ಅಂತ ಗೊತ್ತಿದ್ದನ್ನೇ ಕೇಳೋದು. ಅದಕ್ಕೂ ಕಣ್ಣು ಮುಚ್ಚೋ ಹಂಗೆ ಕಂಡ್ರೆ ಅವರ ತಂಗಿ ಮನೆ ಇಚಾರ ತೆಗೆದು ಜಗಳ ಶುರು ಮಾಡೋದು. ಜಗಳಕ್ಕೆ ಹಾರೋ ಹಂಗೆ ನಿದ್ದೆ ಯಾವ ಕಾಫಿಗೂ ಹಾರಲ್ಲ.

ನಗೋ ಮಾತಾದ್ರೂ ಇದರ ಹಿಂದೆ ಭಯ ಅದೆ. ರಾತ್ರಿ ಎರಡರಿಂದ ಐದು ಗಂಟೆ ಒಳಗೆ ಒಂದು ಗಳಿಗೆ ಕಣ್ಣು ಮುಚ್ಚಿದ್ದಕ್ಕೆ ಮನೆ ದೀಪ ಆರಿದ ಸುದ್ದಿ ನಮ್ಮ ಕಡೆ ಯಾವ ಊರಲ್ಲಿ ಇಲ್ಲ ಹೇಳಿ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೇಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆಯ್ತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರು, ಎತ್ತಿನ ಗಾಡಿ ಅಲ್ಲಿಗೆ ಹತ್ತೋ ಹಂಗಿಲ್ಲ ಅಂದ್ರು. ರಸ್ತೆ ಅಗಲ ಆಯ್ತು, ಹೊತ್ತು ಉಳೀತು, ನಿಜ. ಆದ್ರೆ ನೆಟ್ಟಗಿರೋ ರಸ್ತೇಲಿ ನಿದ್ದೆ ಇನ್ನೂ ಬೇಗ ಬರ್ತದೆ. ಎತ್ತಿಗೆ ದಾರಿ ಗೊತ್ತಿತ್ತು, ಕಾರಿಗೆ ಗೊತ್ತಿಲ್ಲ.

ಈಗ ಕೊಂಕಣದ ಕತೆಗೆ ಬರ್ತೀನಿ. ನಮ್ಮ ಮಂಗಳೂರಿಂದ ಮುಂಬಯಿ ಕಡೆಗೆ ಹೋಗೋ ಕೊಂಕಣ ರೈಲು ದಾರಿ 1998ರ ಜನವರಿ 26ರಂದು ಪೂರಾ ತೆರೀತು. ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿ ಆಗಿದ್ದಾಗ ಶುರುವಾದ ಕೆಲಸ ಅದು, ಕಟ್ಟಿಸಿದೋರು ಇ. ಶ್ರೀಧರನ್. ಮಾರನೇ ವರ್ಷ 1999ರಲ್ಲಿ ಕೊಂಕಣ ರೈಲ್ವೆಯೋರೊಂದು ಹೊಸ ಏರ್ಪಾಡು ಮಾಡಿದ್ರು. ಸಾಮಾನು ತುಂಬಿದ ಲಾರಿನೇ ರೈಲಿನ ಚಪ್ಪಟೆ ಗಾಡಿ ಮೇಲೆ ಹತ್ತಿಸೋದು. ಇದಕ್ಕೆ ರೋರೋ ಅಂತಾರೆ, ಉರುಳ್ಕೊಂಡು ಹತ್ತೋದು, ಉರುಳ್ಕೊಂಡು ಇಳಿಯೋದು ಅಂತ. ಕೊನೇ ಗಾಡಿ ಹಿಂದೆ ಇಳಿಜಾರು ಕಟ್ಟೆ ಇರ್ತದೆ. ಲಾರಿಗಳು ಒಂದರ ಹಿಂದೆ ಒಂದು ಹತ್ತಿ, ಒಂದು ಗಾಡಿಯಿಂದ ಇನ್ನೊಂದಕ್ಕೆ ಹಾಯ್ದು ಮುಂದಕ್ಕೆ ಹೋಗಿ ನಿಲ್ತವೆ. ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು ಬಿಗೀತಾರೆ. ಡ್ರೈವರು, ಕ್ಲೀನರು ತಮ್ಮ ಲಾರಿ ಒಳಗೇ ಮಲಗ್ತಾರೆ. ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವೆಯ ವೆರ್ಣಾ, ಆಮೇಲೆ ನಮ್ಮ ಸುರತ್ಕಲ್ ತನಕ ಬಂತು. ನಮ್ಮ ಬೆಂಗಳೂರಿನ ಪಕ್ಕದ ನೆಲಮಂಗಲದಿಂದ ಸೊಲ್ಲಾಪುರದ ಹತ್ರ ಬಾಳೆ ಅನ್ನೋ ಸ್ಟೇಷನ್ನಿಗೂ 2020ರ ಆಗಸ್ಟ್ 30ರಂದು ಇಂಥದ್ದೇ ಲಾರಿ ರೈಲು ಹೊರಡ್ತು. 682 ಕಿಲೋಮೀಟರು ದಾರಿ.

ಲಾರಿಗೆ ಇಷ್ಟು ವರ್ಷದಿಂದ ಇದ್ದ ಅನುಕೂಲ ಮನೆ ಮಂದಿ ಕಾರಿಗೆ ಸಿಕ್ಕಿದ್ದು 2025ರ ಆಗಸ್ಟ್ 23ಕ್ಕೆ. ಗಣೇಶನ ಹಬ್ಬಕ್ಕೆ ಮುಂಬಯಿ ಜನವೆಲ್ಲ ಕೊಂಕಣದ ಹಳ್ಳಿಗಳಿಗೆ ಹೊರಡ್ತಾರೆ, ಘಟ್ಟದ ರಸ್ತೆ ಪೂರಾ ಕಟ್ಕೊಳ್ತದೆ. ಅದಕ್ಕೆ ಕೋಲಾಡ್‌ನಿಂದ ವೆರ್ಣಾಕ್ಕೆ ಕಾರು ರೈಲು. ಸಂಜೆ 5ಕ್ಕೆ ಹೊರಟು ಬೆಳಗ್ಗೆ 5ಕ್ಕೆ ಮುಟ್ಟೋ ಹಂಗೆ ಇತ್ತು. ಮಧ್ಯಾಹ್ನ 2ಕ್ಕೇ ಕಾರು ತಂದು ನಿಲ್ಲಿಸ್ಬೇಕಿತ್ತು. 20 ಗಾಡಿ, ಒಂದೊಂದರ ಮೇಲೆ 2 ಕಾರು, ಒಟ್ಟು 40. ಕಾರಿಗೆ 7,875 ರೂಪಾಯಿ ಇತ್ತು. ಜನ ಕಾರೊಳಗೆ ಕೂರೋ ಹಂಗಿರ್ಲಿಲ್ಲ, ಅದೇ ರೈಲಿನ ಬೋಗೀಲಿ ಬರ್ಬೇಕಿತ್ತು. ಎ.ಸಿ. ಮಲಗೋ ಸೀಟಿಗೆ ತಲೆಗೆ 935, ಕೂತು ಹೋಗೋ ಸೀಟಿಗೆ 190 ಇತ್ತು. ಒಂದು ಕಾರಿಗೆ ಮೂರೇ ಜನ. 16 ಕಾರಾದ್ರೂ ಬುಕ್ ಆಗ್ದಿದ್ರೆ ರೈಲು ಹೊರಡಲ್ಲ ಅಂದಿದ್ರು.

ಸಂಸಾರ ಮಾಡೋಳ ಲೆಕ್ಕ ಹಾಕಿ ನೋಡಿ. ಎಲ್ಲ ಸೇರಿ ಹತ್ತಿರತ್ತಿರ 10,000 ರೂಪಾಯಿ. ಅದೇ ದೂರಕ್ಕೆ ಪೆಟ್ರೋಲು 3,000 ಚಿಲ್ಲರೆ ಆಗ್ಬಹುದು. ಹೊತ್ತೂ ದೊಡ್ಡದಾಗಿ ಉಳಿಯಲ್ಲ. ಕೋಲಾಡ್ ಏನು ಮುಂಬಯಿ ಒಳಗಿಲ್ಲ, ನೂರು ಕಿಲೋಮೀಟರಿಗೂ ಆಚೆ. ಅಲ್ಲಿ ತನಕ ಕಾರು ಓಡಿಸ್ಕೊಂಡೇ ಬರ್ಬೇಕು. ಹಂಗಾರೆ ಜಾಸ್ತಿ ದುಡ್ಡು ಯಾತಕ್ಕೆ ಕೊಡೋದು? ನಿದ್ದೆಗೆ ಕಣವ್ವ. ಸ್ಟೇರಿಂಗ್ ಹಿಡಿಯೋರಿಗೂ ನಿದ್ದೆ, ಪಕ್ಕದಲ್ಲಿ ಕಾವಲು ಕೂರೋಳಿಗೂ ನಿದ್ದೆ. ಅದಕ್ಕೆ ಬೆಲೆ ಕಟ್ಟೋರು ಕಟ್ಲಿ, ನಾನಂತೂ ಇದನ್ನ ದುಂದು ಅನ್ನಲ್ಲ.

ಆದ್ರೆ ಮೂರೇ ಜನ ಅಂದಿದ್ದು ನನಗೆ ಸರಿ ಬರ್ಲಿಲ್ಲ. ನಮ್ಮ ಕಾರಲ್ಲಿ ಯಾವತ್ತಾರ ಮೂರೇ ಜನ ಹೋಗಿದ್ದುಂಟಾ? ಗಂಡ, ಹೆಂಡ್ತಿ, ಎರಡು ಮಕ್ಕಳು, ಜತೆಗೆ ಅತ್ತೆ. ಮೂರು ಜನ ಹತ್ತಿದ್ಮೇಲೆ ಉಳಿಯೋರು ಯಾರು? ಮಂಡಿ ನೋವಿನ ಅತ್ತೆಯೋ, ಇಲ್ಲ ಮಕ್ಕಳನ್ನ ನೋಡ್ಕೊಳೋ ನಾವೋ. ಲಾರಿ ಲೆಕ್ಕದಲ್ಲಿ ಮಾಡಿದ ಏರ್ಪಾಡನ್ನ ಸಂಸಾರಕ್ಕೆ ತೊಡಿಸಿದ್ರೆ ಹಿಂಗೇ ಆಗೋದು.

ಹೊರದೇಶದೋರು ಇದನ್ನ ಬಹಳ ಹಿಂದೇನೇ ಮಾಡವ್ರೆ. ಬ್ರಿಟನ್ನಲ್ಲಿ 1955ರಲ್ಲಿ ಲಂಡನ್‌ನಿಂದ ಸ್ಕಾಟ್ಲೆಂಡಿನ ಪರ್ತ್‌ಗೆ ಕಾರು ಹೊತ್ತ ರಾತ್ರಿ ರೈಲು ಓಡ್ತು. ಅಮೆರಿಕದಲ್ಲಿ ಯೂಜೀನ್ ಗಾರ್ಫೀಲ್ಡ್ ಅನ್ನೋರು 1971ರ ಡಿಸೆಂಬರ್ 6ರಂದು ಆಟೋ ಟ್ರೇನ್ ಅಂತ ಶುರು ಮಾಡಿದ್ರು. ವರ್ಜೀನಿಯಾದ ಲಾರ್ಟನ್‌ನಿಂದ ಫ್ಲಾರಿಡಾದ ಸ್ಯಾನ್‌ಫರ್ಡ್‌ಗೆ, ಸುಮಾರು 1,376 ಕಿಲೋಮೀಟರು, ಒಂದು ರಾತ್ರಿ. ಚಳಿಗಾಲ ಬಂದ್ರೆ ವಯಸ್ಸಾದೋರು ಬೆಚ್ಚಗಿರೋ ಫ್ಲಾರಿಡಾಕ್ಕೆ ಹೊರಡ್ತಾರೆ, ಅವರಿಗೆ ಅಷ್ಟು ದೂರ ಓಡಿಸೋ ಶಕ್ತಿ ಇರಲ್ಲ, ಅಲ್ಲಿ ಹೋದ್ಮೇಲೆ ಕಾರಿಲ್ದೆ ಕಾಲು ಆಡಲ್ಲ. ಕಾರಿಗೊಂದು ನಂಬರು ಅಂಟಿಸಿ ಮುಚ್ಚಿದ ಗಾಡಿ ಒಳಗೆ ಹಾಕ್ತಾರೆ. ಬೆಳಗ್ಗೆ ಇಳಿಸಿದಂಗೆ ನಂಬರು ಕೂಗ್ತಾರೆ. ಆ ಕಂಪನಿ ಸಾಲಕ್ಕೆ ಬಿದ್ದು 1981ರಲ್ಲಿ ನಿಂತ್ಹೋಯ್ತು. 1983ರ ಅಕ್ಟೋಬರ್ 30ರಿಂದ ಅಲ್ಲಿನ ಸರ್ಕಾರಿ ರೈಲು ಸಂಸ್ಥೆ ಆಮ್‌ಟ್ರಾಕ್ ಅದನ್ನ ಮತ್ತೆ ಓಡಿಸ್ತು. ವಯಸ್ಸಾದೋರ ಕಷ್ಟ ನೋಡಿ ಕಟ್ಟಿದ ರೈಲು ಅಷ್ಟು ವರ್ಷ ನಿಂತ್ಕೊಳ್ತು ಅನ್ನೋದು ನಾವು ಗಮನಿಸಬೇಕಾದ ಮಾತು.

ನಮ್ಮ ಬೆಂಗಳೂರು-ಮೈಸೂರು ದಾರಿ ಚಿಕ್ಕದು, ಇಲ್ಲಿ ಕಾರು ರೈಲಿನ ಅಗತ್ಯ ಇಲ್ಲ. ಆದ್ರೆ ಮೈಸೂರಿಂದಲೋ ಬೆಂಗಳೂರಿಂದಲೋ ಹುಬ್ಬಳ್ಳಿ ಕಡೆಗೆ, ಮುಂಬಯಿ ಕಡೆಗೆ, ರಾತ್ರಿ ಪೂರಾ ಓಡಿಸೋ ದಾರೀಲಿ ಇಂಥದ್ದೊಂದು ಬಂದ್ರೆ ಹೋಗೋರು ಇದ್ದೇ ಇರ್ತಾರೆ. ಬರೋದಾದ್ರೆ ಕಾರಿಗೆ ಐದು ಜನಕ್ಕಾದ್ರೂ ಜಾಗ ಇರ್ಲಿ. ಮಧ್ಯಾಹ್ನದಿಂದ ಕಾಯೋ ಜಾಗದಲ್ಲಿ ನೆರಳು, ನೀರು, ಚೊಕ್ಕಟವಾದ ಶೌಚಾಲಯ ಇರ್ಲಿ. ಮುದುಕಮ್ಮಗಳು ಬೋಗಿ ಹತ್ತೋಕೆ ಮೆಟ್ಲು ಇರ್ಲಿ.

ಅಲ್ಲಿ ತನಕ ನಮ್ಮನೇಲಿ ನಾನೊಂದು ನೇಮ ಮಾಡಿದ್ದೀನಿ: ರಾತ್ರಿ ಹನ್ನೊಂದರ ಮೇಲೆ ಕಾರು ತೆಗೆಯೋ ಹಂಗಿಲ್ಲ. ಮದುವೆ ಮನೇಲೇ ಒಂದು ಚಾಪೆ ಕೇಳಿ ಮಲಗೋದು, ಕೋಳಿ ಕೂಗಿದ್ಮೇಲೆ ಹೊರಡೋದು. ಹಾಲು ಕರೆಯೋಕೆ ಪಕ್ಕದ ಮನೆಯೋರಿಗೆ ಹೇಳಿ ಬಂದ್ರಾಯ್ತು. ನೀವೂ ಹಂಗೇ ಮಾಡಿ, ನಿಮ್ಮ ಹಸು ನಾನು ಕರೀತೀನಿ, ನಮ್ಮದನ್ನ ನೀವು ಕರೀರಿ.