ನೀರಿಗೆ ಅಂಟದ ಮಣಿಗಳು: ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ಪಾಲಿಮರ್ ಆಧಾರವಸ್ತುಗಳ ಇತಿಹಾಸ

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ತಿಮ್ಮಾಪುರದ ರನ್ನನಗರದಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಸುತ್ತಲಿನದು ಕಬ್ಬಿನ ಸೀಮೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುದುಗಿಸಿ ಬಟ್ಟಿ ಇಳಿಸಿದರೆ ಎಥನಾಲ್ ಸಿಗುತ್ತದೆ. ಪೆಟ್ರೋಲಿಗೆ ಶೇ 5ರಷ್ಟು ಎಥನಾಲ್ ಬೆರೆಸುವ ಯೋಜನೆ 2003ರಲ್ಲಿ ಆರಂಭವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಎಥನಾಲಿನಲ್ಲಿ ನೀರು, ಮೆಥನಾಲ್ ಎಷ್ಟಿವೆ ಎಂಬುದು ಇಂಥ ಸೀಮೆಯ ಬದುಕಿಗೇ ಸೇರಿದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬಲ್ಲ ವಿಧಾನಗಳಲ್ಲೊಂದು ಗ್ಯಾಸ್ ಕ್ರೊಮಟೋಗ್ರಫಿ. ಈ ವಿಧಾನದ ದೊಡ್ಡ ಸುಧಾರಣೆಗಳಲ್ಲೊಂದು ಉಪಕರಣದಲ್ಲಲ್ಲ, ಕಾಲಮ್ಮಿನೊಳಗೆ ತುಂಬುವ ಪುಡಿಯಲ್ಲಿ ಆಯಿತು ಎಂಬುದು ಈ ಲೇಖನದ ವಾದ.

1952ರಲ್ಲಿ ವಿಜ್ಞಾನಿಗಳಾದ ಜೇಮ್ಸ್ ಮತ್ತು ಮಾರ್ಟಿನ್ ಈ ವಿಧಾನದಿಂದ ಕೊಬ್ಬಿನಾಮ್ಲಗಳನ್ನು ಬೇರ್ಪಡಿಸಿದಾಗ ಬಳಸಿದ ಆಧಾರ ಡಯಾಟಮ್ ಮಣ್ಣಿನಿಂದಾದ ಸೀಲೈಟ್. ದ್ರವದ ತೆಳುಪದರವನ್ನು ಹೊತ್ತು ನಿಲ್ಲುವುದಷ್ಟೇ ಅದರ ಕೆಲಸವೆಂದು ಎಣಿಸಲಾಗಿತ್ತು. ಆದರೆ ಆ ಸಿಲಿಕಾ ಮೈಮೇಲಿನ ಹೈಡ್ರಾಕ್ಸಿಲ್ ಗುಂಪುಗಳು ನೀರನ್ನೂ ಆಲ್ಕೋಹಾಲನ್ನೂ ಹಿಡಿದಿಡುತ್ತಿದ್ದವು. ದಾಖಲೆಯ ಹಾಳೆಯಲ್ಲಿ ಚೂಪಾಗಿ ಮೂಡಬೇಕಾದ ಶಿಖರಕ್ಕೆ ಉದ್ದನೆಯ ಬಾಲ ಬೆಳೆಯುತ್ತಿತ್ತು, ಅಳತೆ ಕೆಡುತ್ತಿತ್ತು. ಆಮ್ಲದಲ್ಲಿ ತೊಳೆದರು, ಸಿಲೇನ್‌ಗಳಿಂದ ಉಪಚರಿಸಿದರು. ದೋಷ ತಗ್ಗಿತೇ ಹೊರತು ಪೂರ್ತಿ ಹೋಗಲಿಲ್ಲ.

1966ರಲ್ಲಿ ಡೌ ಕೆಮಿಕಲ್ ಕಂಪನಿಯ ಓ. ಎಲ್. ಹಾಲಿಸ್ ಬೇರೆ ದಾರಿ ತೋರಿಸಿದರು: ಮಣ್ಣೂ ಬೇಡ, ದ್ರವಲೇಪವೂ ಬೇಡ, ರಂಧ್ರಮಯ ಪಾಲಿಮರ್ ಮಣಿಗಳೇ ಸಾಕು. ಸ್ಟೈರೀನ್ ಜಾತಿಯ ಮಾನೊಮರ್‌ಗಳನ್ನು ಡೈವಿನೈಲ್‌ಬೆಂಜೀನ್ ಜೊತೆ ಹೆಣೆಯುವಾಗ ಒಂದು ದ್ರಾವಕವನ್ನೂ ಸೇರಿಸುತ್ತಾರೆ. ಪಾಲಿಮರ್ ಗಟ್ಟಿಯಾದ ಮೇಲೆ ಆ ದ್ರಾವಕವನ್ನು ತೆಗೆದರೆ ಅದಿದ್ದ ಜಾಗವೇ ರಂಧ್ರವಾಗಿ ಉಳಿಯುತ್ತದೆ. ಇಲ್ಲಿ ಹೈಡ್ರಾಕ್ಸಿಲ್ ಗುಂಪುಗಳಿಲ್ಲ. ಆದ್ದರಿಂದ ಇಂಥ ಮಣಿಗಳ ಒಂದು ಬಗೆಯಾದ ಪೊರಾಪಾಕ್ ಕ್ಯೂ ತುಂಬಿದ ಕಾಲಮ್ಮಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಮೊದಲು ಹೊರಬರುತ್ತದೆ, 65 ಡಿಗ್ರಿಯ ಮೆಥನಾಲ್ ಅದರ ಹಿಂದೆ, 78 ಡಿಗ್ರಿಯ ಎಥನಾಲ್ ಆಮೇಲೆ. ಕುದಿಬಿಂದುವಿನ ಕ್ರಮವೇ ಇಲ್ಲಿ ಮುರಿಯಿತು. ಉಷ್ಣವಾಹಕತೆಯ ಶೋಧಕವಿದ್ದರೆ ಮೂರನ್ನೂ ಒಂದೇ ಓಟದಲ್ಲಿ ಅಳೆಯಬಹುದು.

ಮುಂದಿನ ಸುಧಾರಣೆಗಳು ಎರಡು ದಿಕ್ಕಿನಲ್ಲಿ ನಡೆದವು. ವಿನೈಲ್ ಪಿರಿಡೀನ್, ವಿನೈಲ್ ಪೈರೊಲಿಡೋನ್‌ಗಳಂಥ ಮಾನೊಮರ್‌ಗಳನ್ನು ಸೇರಿಸಿ ಮಣಿಗಳ ಧ್ರುವೀಯತೆಯನ್ನು ಬೇಕಾದಂತೆ ಹೊಂದಿಸಿದರು. ಇನ್ನೊಂದು ಸಮಸ್ಯೆ ಶಾಖದ್ದು. ಪೊರಾಪಾಕ್ ಕ್ಯೂ ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ತಾಳುತ್ತದೆ. ಡೈಫಿನೈಲ್ ಫಿನಿಲೀನ್ ಆಕ್ಸೈಡಿನ ಪಾಲಿಮರ್ ಆದ ಟೆನಾಕ್ಸ್ ಈ ಮಿತಿಯನ್ನು 350 ಡಿಗ್ರಿಗೆ ಏರಿಸಿತು. 1976ರಲ್ಲಿ ಮಂಗಳದ ಮೇಲೆ ಇಳಿದ ವೈಕಿಂಗ್ ನೌಕೆಗಳ ಕಾಲಮ್ಮಿನಲ್ಲಿ ಇದ್ದದ್ದು ಇದೇ ಟೆನಾಕ್ಸ್. ಮಣ್ಣನ್ನು ಕಾಯಿಸಿದಾಗ ಹೊರಬರುವ ನೀರನ್ನು ಬೇಗ ದಾಟಿಸಿ, ಸಾವಯವ ಅಣುಗಳನ್ನು ತಡೆದು ಬೇರ್ಪಡಿಸುವುದು ಅಲ್ಲಿಯೂ ಅಗತ್ಯವಾಗಿತ್ತು.

ಆಧಾರವಸ್ತು ಸುಮ್ಮನೆ ಭಾರ ಹೊರುವ ಜಡವಸ್ತುವೆಂಬ ನಂಬಿಕೆಯನ್ನು ಕೈಬಿಟ್ಟಾಗಲೇ ಈ ಶಾಖೆ ಮುಂದೆ ಸಾಗಿತು. ಬಾಗಲಕೋಟೆ ಜಿಲ್ಲೆಯ ಕಾಲೇಜುಗಳಲ್ಲಿ ಗ್ಯಾಸ್ ಕ್ರೊಮಟೋಗ್ರಫಿ ಕಲಿಸುವವರು ಈ ಕಥೆಯನ್ನು ಊರ ಕಾಕಂಬಿಯ ಎಥನಾಲಿನಿಂದಲೇ ಆರಂಭಿಸಬೇಕು. ನೀರು ಏಕೆ ಮೊದಲು ಬಂತೆಂದು ಅರಿತ ವಿದ್ಯಾರ್ಥಿಗೆ ಕಾಲಮ್ಮಿನ ಆಯ್ಕೆ ಬಾಯಿಪಾಠವಾಗಿ ಉಳಿಯುವುದಿಲ್ಲ.